ತತ್ವಶಾಸ್ತ್ರ, ನೀತಿಶಾಸ್ತ್ರ, ಮನಃಶಾಸ್ತ್ರ: ಮೂರನ್ನೂ ಒಟ್ಟಿಗೆ ಓದುವುದೆಂದರೇನು?



ನಮ್ಮ ಟ್ರಸ್ಟಿಗೆ ಬರುವ ಅರ್ಜಿಗಳಲ್ಲಿ ಹೆಚ್ಚಿನವು ಇಂಜಿನಿಯರಿಂಗ್, ನರ್ಸಿಂಗ್, ಬಿ.ಕಾಂ., ಡಿಪ್ಲೊಮಾ ಇಂಥವಕ್ಕೇ. ಅವುಗಳ ಬಗ್ಗೆ ಯಾರಿಗೂ ವಿವರಿಸಬೇಕಾಗಿಲ್ಲ. ಈ ಸಲ ಬಿ.ಎ.ಯಲ್ಲಿ ತತ್ವಶಾಸ್ತ್ರ ಮತ್ತು ಮನಃಶಾಸ್ತ್ರವನ್ನು ಒಟ್ಟಿಗೆ ಓದಬೇಕೆಂದು ಬರೆದ ಅರ್ಜಿಯೊಂದು ಬಂತು. ಹುಡುಗಿಯ ತಾಯಿ ಜೊತೆಯಲ್ಲೇ ಬಂದಿದ್ದರು. "ಮೇಷ್ಟ್ರೇ, ನೀವಾದರೂ ಇವಳಿಗೆ ಹೇಳಿ, ಬಿ.ಕಾಂ. ಅಂತ ತಿದ್ದಿಕೊಡಲಿ. ಫಿಲಾಸಫಿ ಓದಿದವರಿಗೆ ಯಾರು ಕೆಲಸ ಕೊಡ್ತಾರೆ? ಸೈಕಾಲಜಿ ಅಂದರೆ ಹುಚ್ಚರ ಓದಲ್ವಾ?" ಎಂದರು. ಅರ್ಜಿ ತಿದ್ದಲಿಲ್ಲ. ಸಮಿತಿಯ ಸಭೆಯಲ್ಲೂ ಹೆಚ್ಚುಕಡಿಮೆ ಇದೇ ಪ್ರಶ್ನೆಗಳು ಎದ್ದವು. ದಾನಿಗಳ ಹಣ ಯಾವ ಓದಿಗೆ ಹೋಗುತ್ತಿದೆ ಎಂದು ತಿಳಿಯುವ ಹಕ್ಕು ದಾನಿಗಳಿಗಿದೆ. ಮಗಳು ಓದುವುದೇನೆಂದು ತಿಳಿಯುವ ಹಕ್ಕು ತಾಯಿಗೂ ಇದೆ. ಅದಕ್ಕಾಗಿ ಈ ಬರಹ.

ಮೊದಲು ಮೂರು ಹೆಸರುಗಳ ಅರ್ಥ. ಮನುಷ್ಯ ಹೇಗೆ ಯೋಚಿಸುತ್ತಾನೆ, ಕಲಿಯುತ್ತಾನೆ, ಹೆದರುತ್ತಾನೆ, ನಡೆದುಕೊಳ್ಳುತ್ತಾನೆ ಎಂಬುದನ್ನು ಪ್ರಯೋಗ ಮಾಡಿ, ಅಳೆದು ನೋಡುವುದು ಮನಃಶಾಸ್ತ್ರ. ಮನುಷ್ಯ ಹೇಗೆ ನಡೆದುಕೊಳ್ಳಬೇಕು, ಯಾವುದು ಸರಿ, ಯಾವುದು ತಪ್ಪು, ಏಕೆ ಎಂದು ಕೇಳುವುದು ನೀತಿಶಾಸ್ತ್ರ. ಇವೆರಡರ ಕೆಳಗಿರುವ ನೆಲವನ್ನೇ ಅಗೆದು ನೋಡುವುದು ತತ್ವಶಾಸ್ತ್ರ. ಮನಸ್ಸು ಎಂದರೆ ಏನು, 'ಗೊತ್ತು' ಎಂದು ಹೇಳಲು ನಮಗೇನು ಆಧಾರ, ನಮ್ಮ ಆಯ್ಕೆ ನಿಜವಾಗಿ ನಮ್ಮದೇ, ಇಂಥ ಪ್ರಶ್ನೆಗಳು ಅಲ್ಲಿ ಬರುತ್ತವೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ನೀತಿಶಾಸ್ತ್ರ ಸಾಮಾನ್ಯವಾಗಿ ಬೇರೆ ವಿಷಯವಾಗಿರುವುದಿಲ್ಲ, ತತ್ವಶಾಸ್ತ್ರದ ಒಳಗೆ ಒಂದು ಪತ್ರಿಕೆಯಾಗಿ ಬರುತ್ತದೆ.

ವ್ಯಾಖ್ಯೆಗಳಿಂದ ಏನೂ ತಿಳಿಯುವುದಿಲ್ಲ ಎಂಬುದು ಪಾಠ ಮಾಡಿದವರಿಗೆಲ್ಲ ಗೊತ್ತು. ಮನೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ವರದಕ್ಷಿಣೆ ತಪ್ಪು ಎಂದು ಜುಮಾ ಬಯಾನಿನಲ್ಲಿ ಕೇಳಿ ತಲೆಯಾಡಿಸಿ ಬಂದ ತಂದೆಯೇ ಮುಂದಿನ ತಿಂಗಳು ಮಗಳ ಮದುವೆಗೆ ಸಾಲ ಮಾಡಿ ಕೊಡುತ್ತಾರೆ. ಕೇಳಿದರೆ, "ಎಲ್ಲರೂ ಕೊಡ್ತಾರೆ, ನಾವೊಬ್ಬರೇ ಬಿಟ್ಟರೆ ಆಗುತ್ತಾ?" ಎನ್ನುತ್ತಾರೆ. ಮನಸ್ಸಿನಲ್ಲಿ ತಪ್ಪೆಂದು ಒಪ್ಪಿದ್ದನ್ನೇ ಕೈ ಏಕೆ ಮಾಡುತ್ತದೆ, ನೆರೆಹೊರೆಯವರ ಕಣ್ಣು ನಮ್ಮ ಮೇಲೆ ಎಷ್ಟು ಭಾರ ಹಾಕುತ್ತದೆ ಎಂಬುದು ಮನಃಶಾಸ್ತ್ರದ ಪ್ರಶ್ನೆ. ಕೇಳುವವನದು ತಪ್ಪು, ಸರಿ. ಬೇರೆ ದಾರಿ ಕಾಣದೆ ಕೊಡುವವನದೂ ಅಷ್ಟೇ ತಪ್ಪೇ, ಸ್ವಲ್ಪ ತಪ್ಪೇ, ತಪ್ಪೇ ಅಲ್ಲವೇ ಎಂಬುದು ನೀತಿಶಾಸ್ತ್ರದ ಪ್ರಶ್ನೆ. ಇನ್ನು 'ಎಲ್ಲರೂ ಮಾಡುತ್ತಾರೆ' ಎಂಬ ಮಾತು ಒಂದು ಕಾರಣವೇ? ಎಲ್ಲರೂ ಮಾಡುವುದರಿಂದ ಅದು ಮಾಡಬಹುದಾದದ್ದು ಎಂದು ಹೇಗೆ ಬರುತ್ತದೆ? ಇದು ತತ್ವಶಾಸ್ತ್ರದ್ದು. 18ನೇ ಶತಮಾನದ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಈ ಸೂಕ್ಷ್ಮವನ್ನು ಗುರುತಿಸಿದ. 'ಇದೆ' ಎಂಬಲ್ಲಿಂದ 'ಇರಬೇಕು' ಎಂಬಲ್ಲಿಗೆ ಜನ ಸದ್ದಿಲ್ಲದೆ ಜಿಗಿಯುತ್ತಾರೆ, ಆ ಜಿಗಿತಕ್ಕೆ ಕಾರಣ ಕೊಡುವುದಿಲ್ಲ ಎಂಬುದು ಅವನ ಆಕ್ಷೇಪ. ಕನ್ನಡದಲ್ಲಿ ಈ ಎರಡು ಪದಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದರೆ ಹೈಸ್ಕೂಲಿನ ಮಗುವಿಗೂ ಅರ್ಥವಾಗುತ್ತದೆ.

ಒಂದೇ ಸಂಗತಿಯನ್ನು ಮೂರು ಕಡೆಯಿಂದ ನೋಡುವುದು ಎಂದರೆ ಇಷ್ಟೇ. ಒಂದನ್ನು ಮಾತ್ರ ಓದಿದವರು ಎಲ್ಲಿ ಎಡವುತ್ತಾರೆ ಎಂಬುದಕ್ಕೆ ಒಂದೆರಡು ನಿಜವಾದ ಪ್ರಸಂಗಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಬಿ.ಎಡ್. ಮಾಡಿದವರೆಲ್ಲ ಪಿಯಾಜೆಯ ಹೆಸರು ಕೇಳಿರುತ್ತಾರೆ. ಸ್ವಿಟ್ಜರ್ಲೆಂಡಿನ ಈ ಮನೋವಿಜ್ಞಾನಿ 1932ರಲ್ಲಿ ಮಕ್ಕಳ ನೈತಿಕ ತೀರ್ಮಾನದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಅದಕ್ಕಾಗಿ ಮಕ್ಕಳಿಗೆ ಎರಡೆರಡು ಕತೆ ಹೇಳಿ, ಯಾರದು ಹೆಚ್ಚು ತಪ್ಪು ಎಂದು ಕೇಳುತ್ತಿದ್ದ. ಒಬ್ಬ ಹುಡುಗನನ್ನು ಊಟಕ್ಕೆ ಕರೆಯುತ್ತಾರೆ. ಅವನು ಬಾಗಿಲು ತಳ್ಳಿದಾಗ ಅದರ ಹಿಂದೆ ಕುರ್ಚಿಯ ಮೇಲೆ ತಟ್ಟೆಯಲ್ಲಿಟ್ಟಿದ್ದ 15 ಕಪ್ಪುಗಳು ಬಿದ್ದು ಒಡೆಯುತ್ತವೆ. ಇನ್ನೊಬ್ಬ ಹುಡುಗ ಅಮ್ಮ ಇಲ್ಲದಾಗ ಕಪಾಟಿನಿಂದ ಜಾಮ್ ಕದಿಯಲು ಹತ್ತಿ ಒಂದೇ ಒಂದು ಕಪ್ಪು ಒಡೆಯುತ್ತಾನೆ. ಚಿಕ್ಕ ಮಕ್ಕಳು 15 ಕಪ್ಪು ಒಡೆದವನದೇ ದೊಡ್ಡ ತಪ್ಪು ಎನ್ನುತ್ತಾರೆ. ಸ್ವಲ್ಪ ದೊಡ್ಡವರಾದ ಮೇಲೆ ಉದ್ದೇಶವನ್ನು ನೋಡತೊಡಗುತ್ತಾರೆ.

ಮದರಸಾಕ್ಕೆ ಹೋದ ಮಗುವಿಗೆ ನಿಯ್ಯತ್ತಿನ ಮಾತು ಮೊದಮೊದಲಲ್ಲೇ ಕಿವಿಗೆ ಬಿದ್ದಿರುತ್ತದೆ. ಕರ್ಮದ ಬೆಲೆ ಉದ್ದೇಶದಲ್ಲಿದೆ ಎಂದು ಅದು ಬಾಯಿಪಾಠ ಮಾಡಿರುತ್ತದೆ. ಆದರೂ ಅದೇ ಮಗು ಮನೆಯಲ್ಲಿ ತಂಗಿ ಎಷ್ಟು ಕಪ್ಪು ಒಡೆದಳು ಎಂದೇ ಎಣಿಸುತ್ತದೆ. ಬಾಯಿಪಾಠ ಒಂದು, ತೀರ್ಮಾನ ಮಾಡುವ ಶಕ್ತಿ ಇನ್ನೊಂದು. ಎರಡರ ನಡುವೆ ಎಷ್ಟು ವರ್ಷ ಬೇಕು, ಹೇಗೆ ಬೆಳೆಯುತ್ತದೆ ಎಂದು ತಿಳಿಸುವುದು ಮನಃಶಾಸ್ತ್ರ. ಉದ್ದೇಶವನ್ನೇ ನೋಡಬೇಕು ಎಂದು ಏಕೆ ಒಪ್ಪಬೇಕು, ಒಳ್ಳೆಯ ಉದ್ದೇಶದಿಂದ ದೊಡ್ಡ ಹಾನಿ ಮಾಡಿದವನನ್ನು ಏನೆನ್ನಬೇಕು ಎಂಬ ಪ್ರಶ್ನೆಯನ್ನು ಯಾವ ಪ್ರಯೋಗವೂ ಬಿಡಿಸಲಾರದು. (ನಮ್ಮ ಮನೆಗಳಲ್ಲಿ ಇಂದಿಗೂ ಏಟು ಬೀಳುವುದು ಒಡೆದ ಕಪ್ಪಿನ ಲೆಕ್ಕಕ್ಕೇ ಎಂಬುದನ್ನು ಇಲ್ಲಿ ಸುಮ್ಮನೆ ನೆನಪಿಸುತ್ತೇವೆ.)

ಪಿಯಾಜೆಯ ನಂತರ ಅಮೆರಿಕದ ಲಾರೆನ್ಸ್ ಕೋಲ್‌ಬರ್ಗ್ ಬಂದ. ನೈತಿಕ ಬೆಳವಣಿಗೆಗೆ 6 ಹಂತಗಳಿವೆ, ಶಿಕ್ಷೆಯ ಭಯ ಕೆಳಗಿನದು, ನ್ಯಾಯದ ಸಾಮಾನ್ಯ ತತ್ವ ಮೇಲಿನದು ಎಂದ. ಬಿ.ಎಡ್. ಪರೀಕ್ಷೆಗೆ ನಾವೂ ಆ ಹಂತಗಳನ್ನು ಸಾಲಾಗಿ ಬರೆದು ಪಾಸಾದವರೇ. ಕೋಲ್‌ಬರ್ಗ್ ತನ್ನ ಹಂತಗಳನ್ನು ಕಟ್ಟಿದ್ದು ಗಂಡು ಮಕ್ಕಳನ್ನು ಮಾತ್ರ ಮಾತಾಡಿಸಿ. ಅವನ ಜೊತೆ ಕೆಲಸ ಮಾಡಿದ ಕ್ಯಾರೊಲ್ ಗಿಲಿಗನ್ ಎಂಬಾಕೆ 1982ರ ತನ್ನ ಪುಸ್ತಕದಲ್ಲಿ ಇದನ್ನು ಎತ್ತಿ ತೋರಿಸಿದಳು. 'ಯಾರಿಗೆ ನೋವಾಗುತ್ತದೆ, ಯಾರನ್ನು ನೋಡಿಕೊಳ್ಳಬೇಕು' ಎಂದು ಯೋಚಿಸುವ ಹೆಣ್ಣುಮಕ್ಕಳು ಈ ಏಣಿಯಲ್ಲಿ ಕೆಳಗಿನ ಮೆಟ್ಟಿಲಲ್ಲಿ ಕಾಣುತ್ತಾರಲ್ಲ, ತಪ್ಪು ಹೆಣ್ಣುಮಕ್ಕಳದೋ ಏಣಿಯದೋ ಎಂಬುದು ಅವಳ ಪ್ರಶ್ನೆ. ಹುಡುಗ ಹುಡುಗಿಯರ ನಡುವೆ ಅಷ್ಟು ವ್ಯತ್ಯಾಸ ಇದೆಯೇ ಎಂಬ ಬಗ್ಗೆ ಮುಂದೆ ಬೇಕಾದಷ್ಟು ವಾದ ನಡೆಯಿತು. ಆದರೆ ನ್ಯಾಯ ಮೇಲೋ ಕರುಣೆ ಮೇಲೋ ಎಂಬುದು ಅಳತೆಯ ಪ್ರಶ್ನೆಯಲ್ಲ. ಅಳತೆಪಟ್ಟಿ ಮಾಡುವ ಮೊದಲೇ ಯಾರೋ ಅದನ್ನು ತೀರ್ಮಾನಿಸಿಟ್ಟಿರುತ್ತಾರೆ. ಬರೀ ಮನಃಶಾಸ್ತ್ರ ಓದಿದ ವಿದ್ಯಾರ್ಥಿ ಹಂತಗಳನ್ನು ಬಾಯಿಪಾಠ ಮಾಡುತ್ತಾನೆ. ಜೊತೆಗೆ ನೀತಿಶಾಸ್ತ್ರ ಓದಿದವಳು ಆ ಪಟ್ಟಿಯನ್ನು ಯಾರು ಮಾಡಿದರು ಎಂದು ಕೇಳುತ್ತಾಳೆ.

ತಿರುಗಿಸಿಯೂ ನೋಡಬೇಕು. ಬರೀ ನೀತಿಶಾಸ್ತ್ರ ಓದಿದವರಿಗೂ ಮನಃಶಾಸ್ತ್ರ ಒಂದು ಏಟು ಕೊಡುತ್ತದೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳ ಮೇಲೆ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಇಬ್ಬರು ಮಾಡಿದ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಿ ಭಾಷಣ ಮಾಡಲು ಅವರಿಗೆ ಹೇಳಲಾಯಿತು. ದಾರಿಯಲ್ಲಿ ಒಬ್ಬ ಮನುಷ್ಯ ನರಳುತ್ತಾ ಕುಸಿದು ಕುಳಿತಿರುತ್ತಾನೆ. ಅವನು ಪ್ರಯೋಗದವರೇ ಕೂರಿಸಿದವನು. ಸಮಯ ಬೇಕಾದಷ್ಟಿದೆ ಎಂದು ತಿಳಿದಿದ್ದವರಲ್ಲಿ 63% ಜನ ನಿಂತು ಸಹಾಯಕ್ಕೆ ಮುಂದಾದರು. ತಡವಾಗಿದೆ, ಬೇಗ ಹೋಗಿ ಎಂದು ಕಳಿಸಿದವರಲ್ಲಿ ನಿಂತವರು 10% ಮಾತ್ರ. ಕೆಲವರು ಮಾಡಬೇಕಿದ್ದ ಭಾಷಣದ ವಿಷಯ ಇಂಜೀಲಿನಲ್ಲಿ ಬರುವ, ದಾರಿಯಲ್ಲಿ ಬಿದ್ದ ಗಾಯಾಳುವಿಗೆ ನೆರವಾದ ಒಳ್ಳೆಯ ಸಮಾರಿಯನ ಕತೆಯೇ ಆಗಿತ್ತು! ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಅವರು ಕೆಟ್ಟವರೇ? ಒಳ್ಳೆಯತನ ಎಂಬುದು ಗುಣವೋ, ಬಿಡುವಿದ್ದಾಗ ಬರುವ ಅಭ್ಯಾಸವೋ? ಅರಿಸ್ಟಾಟಲನಿಂದ ಹಿಡಿದು ಸದ್ಗುಣದ ಬಗ್ಗೆ ಬರೆದವರೆಲ್ಲ ಗುಣ ಸ್ಥಿರವಾದದ್ದು ಎಂದು ನಂಬಿದ್ದರು. ಈ ಪ್ರಯೋಗದ ಮೇಲೆ ತತ್ವಜ್ಞಾನಿಗಳು ಇಂದಿಗೂ ವಾದಿಸುತ್ತಿದ್ದಾರೆ. 40 ಜನರ ಒಂದು ಪ್ರಯೋಗದಿಂದ ಮನುಷ್ಯಜಾತಿಯ ಬಗ್ಗೆ ತೀರ್ಪು ಕೊಡಬಾರದು ಎಂಬುದೂ ಈ ಓದಿನಲ್ಲೇ ಕಲಿಯುವ ಪಾಠ. ನಮ್ಮ ಮಟ್ಟಿಗೆ ಇದರಿಂದ ಒಂದು ಉಪಯೋಗ ಆಗಿದೆ: ಅರ್ಜಿ ಹಿಡಿದು ಬಂದವರ ಜೊತೆ ಮಾತಾಡುವ ದಿನ ಸಮಿತಿಯವರು ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ.

ಇನ್ನೊಂದು ಪ್ರಯೋಗವನ್ನು ಹೇಳದೆ ಬಿಡುವಂತಿಲ್ಲ. 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್ಗ್ರಾಂ ಇದನ್ನು ಆರಂಭಿಸಿದ. ಸಾಮಾನ್ಯ ಜನರನ್ನು ಕರೆಸಿ, ಪಕ್ಕದ ಕೋಣೆಯಲ್ಲಿದ್ದ ವ್ಯಕ್ತಿ ಉತ್ತರ ತಪ್ಪಿದಾಗಲೆಲ್ಲ ಹೆಚ್ಚು ಹೆಚ್ಚು ವಿದ್ಯುತ್ ಶಾಕ್ ಕೊಡುವಂತೆ ಹೇಳಲಾಯಿತು. ಶಾಕ್ ನಿಜವಲ್ಲ, ಆ ವ್ಯಕ್ತಿಯೂ ಪ್ರಯೋಗದವರ ಕಡೆಯವನೇ. ಆದರೆ ಗುಂಡಿ ಒತ್ತುವವರಿಗೆ ಅದು ಗೊತ್ತಿರಲಿಲ್ಲ. 1963ರಲ್ಲಿ ಪ್ರಕಟವಾದ ಮೊದಲ ವರದಿಯಲ್ಲಿ 40 ಜನರಲ್ಲಿ 26 ಮಂದಿ ಕೊನೆಯ 450 ವೋಲ್ಟಿನವರೆಗೆ ಹೋಗಿದ್ದರು. ಬಿಳಿ ಅಲ್ಲ, ಬೂದು ಬಣ್ಣದ ಕೋಟು ಹಾಕಿದ ಒಬ್ಬ ಮನುಷ್ಯ ಪಕ್ಕದಲ್ಲಿ ನಿಂತು 'ಮುಂದುವರಿಸಿ' ಎಂದದ್ದೇ ಕಾರಣ. ಮೇಲಿನವರು ಹೇಳಿದ್ದಕ್ಕೆ ಮಾಡಿದೆ ಎಂಬ ಮಾತು ನಮ್ಮ ಕಚೇರಿಗಳಲ್ಲೂ ಕೇಳುತ್ತದೆ. ಗಲಭೆಗಳ ವಿಚಾರಣೆಯಲ್ಲೂ ಕೇಳುತ್ತದೆ. ಆಜ್ಞೆ ಪಾಲಿಸಿದವನ ಹೊಣೆ ಎಷ್ಟು ಎಂಬುದು ತತ್ವಶಾಸ್ತ್ರಕ್ಕೆ ಸೇರಿದ್ದು. ಈ ಪ್ರಯೋಗಕ್ಕೇ ನೀತಿಶಾಸ್ತ್ರ ಬೇರೆ ಪ್ರಶ್ನೆ ಹಾಕಿತು. ಜನರಿಗೆ ಸುಳ್ಳು ಹೇಳಿ, ಬೆವರಿಳಿಸಿ, ನಡುಗಿಸಿ ವಿದ್ಯೆ ಸಂಪಾದಿಸುವ ಹಕ್ಕು ವಿದ್ವಾಂಸನಿಗೆ ಇದೆಯೇ? ಇಂದು ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಇಂಥದ್ದನ್ನು ಯಾರೂ ಮಾಡುವಂತಿಲ್ಲ. ನಮ್ಮ ದೇಶದಲ್ಲಿ ಐ.ಸಿ.ಎಂ.ಆರ್. 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದೆ. ಆಸ್ಪತ್ರೆಗಳಲ್ಲಿ, ಸಂಶೋಧನಾ ಸಂಸ್ಥೆಗಳಲ್ಲಿ ಅಂಥ ಸಮಿತಿಗಳಿವೆ, ಅಲ್ಲಿ ವೈದ್ಯರಲ್ಲದವರಿಗೂ ಸ್ಥಾನವಿದೆ.

ಈ ಮೂರರ ನೆಂಟಸ್ತಿಕೆ ಹೊಸದಲ್ಲ. ಒಂದು ಕಾಲಕ್ಕೆ ಇವು ಒಂದೇ ಮನೆಯಲ್ಲಿದ್ದವು. ಕೇಂಬ್ರಿಜ್ ವಿಶ್ವವಿದ್ಯಾಲಯ 1848ರಲ್ಲಿ 'ಮಾರಲ್ ಸೈನ್ಸಸ್' ಎಂಬ ಪರೀಕ್ಷೆ ಸ್ಥಾಪಿಸಿತು. ಮನಃಶಾಸ್ತ್ರ, ತರ್ಕ, ನೀತಿಶಾಸ್ತ್ರಗಳು ಬಹುಕಾಲ ಅದರ ಅಡಿಯಲ್ಲೇ ನಡೆದವು. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನಃಶಾಸ್ತ್ರದ ಪ್ರಯೋಗಾಲಯ ತೆರೆದ ವಿಲ್ಹೆಲ್ಮ್ ವುಂಟ್ ಅಲ್ಲಿ ತತ್ವಶಾಸ್ತ್ರದ ಪ್ರೊಫೆಸರ್. ಆಕ್ಸ್‌ಫರ್ಡ್ 1947ರಲ್ಲಿ ಮನಃಶಾಸ್ತ್ರ, ತತ್ವಶಾಸ್ತ್ರ, ಶರೀರಶಾಸ್ತ್ರ ಮೂರನ್ನೂ ಸೇರಿಸಿ ಒಂದು ಪದವಿ ಮಾಡಿತು.

ನಮ್ಮ ನಾಡಿನ ಕತೆ ಇದಕ್ಕಿಂತ ಸ್ವಾರಸ್ಯವಾಗಿದೆ. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ 1916ರಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾದಾಗ ಅದರ ಪಠ್ಯಕ್ರಮದ ಹಿಂದೆ ಇದ್ದವರು ಅಲ್ಲಿನ ತತ್ವಶಾಸ್ತ್ರದ ಪ್ರಾಧ್ಯಾಪಕ ಬ್ರಜೇಂದ್ರನಾಥ ಸೀಲ್. ಅದೇ ಸೀಲ್ ಅವರು ಮುಂದೆ ಮೈಸೂರು ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾಗಿ ಬಂದು 1920ರ ದಶಕವನ್ನೆಲ್ಲ ಇಲ್ಲೇ ಕಳೆದರು. ಅವರ ಅವಧಿಯಲ್ಲೇ, 1924ರಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಡಾ. ಎಂ.ವಿ. ಗೋಪಾಲಸ್ವಾಮಿ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಶುರುಮಾಡಿದರು. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಆರಂಭಿಸಿ ಅದನ್ನು 'ಆಕಾಶವಾಣಿ' ಎಂದು ಕರೆದವರು ಇದೇ ಗೋಪಾಲಸ್ವಾಮಿಯವರು. ಅದೇ ಕಾಲೇಜಿನಲ್ಲಿ ಅದಕ್ಕೂ ಮೊದಲು, 1918ರಿಂದ 1921ರವರೆಗೆ, ರಾಧಾಕೃಷ್ಣನ್ ತತ್ವಶಾಸ್ತ್ರ ಕಲಿಸಿದ್ದರು. ಕೇಂಬ್ರಿಜ್‌ನಲ್ಲಿ ತತ್ವಶಾಸ್ತ್ರ ಓದಿ ಮ್ಯೂನಿಕ್‌ನಲ್ಲಿ ಡಾಕ್ಟರೇಟ್ ಪಡೆದ ಅಲ್ಲಾಮಾ ಇಕ್ಬಾಲ್ 1929ರ ಜನವರಿಯಲ್ಲಿ ಮದ್ರಾಸಿನಲ್ಲಿ ಉಪನ್ಯಾಸ ಮುಗಿಸಿ ಬೆಂಗಳೂರು, ಮೈಸೂರಿಗೆ ಬಂದರು, ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಗೋರಿಗೂ ಹೋದರು. ಇವು ದೂರದ ಊರಿನ ವಿಷಯಗಳೆಂದು ಹೇಳುವವರು ಮೈಸೂರಿನವರಾಗಿದ್ದರೆ ನಮಗೆ ನಗು ಬರುತ್ತದೆ.

ತತ್ವಶಾಸ್ತ್ರ ಓದಿದರೆ ಈಮಾನ್ ಅಲುಗುತ್ತದೆಯೇ ಎಂಬ ಅಂಜಿಕೆಯನ್ನು ಕೆಲವು ಹಿರಿಯರು ಮೆಲ್ಲಗೆ ಹೇಳಿದ್ದಾರೆ. ಅದನ್ನು ತಳ್ಳಿಹಾಕುವಂತಿಲ್ಲ. ಪ್ರಶ್ನೆ ಕೇಳಲು ಕಲಿತ ಮಗು ಮನೆಯಲ್ಲೂ ಪ್ರಶ್ನೆ ಕೇಳುತ್ತದೆ. ಆದರೆ ತತ್ವಜ್ಞಾನಿಗಳನ್ನು ಗಟ್ಟಿಯಾಗಿ ಖಂಡಿಸಿದ ಇಮಾಮ್ ಗಝಾಲಿಯವರನ್ನೇ ನೋಡಿ. ಅವರ ವಾದ ಏನೆಂದು ಒಂದು ಪುಸ್ತಕದಲ್ಲಿ ಅಚ್ಚುಕಟ್ಟಾಗಿ ನಿರೂಪಿಸಿದ್ದಾರೆ, ಖಂಡನೆಗೆ ಬೇರೆಯೇ ಪುಸ್ತಕ ಬರೆದಿದ್ದಾರೆ. ಓದದೆ ಖಂಡಿಸಿದವರಲ್ಲ. ಇನ್ನೂ ಒಂದು ಸಂಗತಿ. 1095ರಲ್ಲಿ ಬಗ್ದಾದಿನ ನಿಝಾಮಿಯಾದಲ್ಲಿ ಪಾಠ ಹೇಳುತ್ತಿದ್ದಾಗ ಅವರ ನಾಲಗೆಯೇ ಏಳದಾಯಿತು, ಊಟ ಸೇರದಾಯಿತು. ಇದು ಹೃದಯದಲ್ಲಿ ಹುಟ್ಟಿ ದೇಹಕ್ಕೆ ಇಳಿದದ್ದು, ಮನಸ್ಸಿನ ಕಳವಳ ಹೋಗದೆ ಮದ್ದು ಹತ್ತದು ಎಂದು ವೈದ್ಯರು ಹೇಳಿದರಂತೆ. ಇದನ್ನು ಅವರೇ ತಮ್ಮ ಆತ್ಮಕಥನದಲ್ಲಿ ಬರೆದುಕೊಂಡಿದ್ದಾರೆ, ಮುಚ್ಚಿಟ್ಟಿಲ್ಲ. ಅವರಿಗಿಂತ ಹಿಂದೆ, 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿ ದೇಹದ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಒಂದೇ ಗ್ರಂಥದಲ್ಲಿ ಬರೆದರು. ಮನೆಯಲ್ಲಿ ತುರ್ತಿಗೆಂದು ಔಷಧ ಇಟ್ಟುಕೊಳ್ಳುವಂತೆ ಮನಸ್ಸು ಕುಸಿದಾಗ ಬೇಕಾಗುವ ಒಳ್ಳೆಯ ಯೋಚನೆಗಳನ್ನೂ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಬೇಕು ಎಂಬುದು ಅವರ ಸಲಹೆ. ಮಿಸ್ಕವೈಹಿ, ತೂಸಿ ಇವರ ಅಖ್ಲಾಕ್ ಗ್ರಂಥಗಳು ನಫ್ಸ್ ಎಂದರೇನು ಎಂಬ ವಿಚಾರದಿಂದಲೇ ನೀತಿಗೆ ಬರುತ್ತವೆ. ಇದನ್ನೆಲ್ಲ ಓದಬೇಕಾದವರು ನಮ್ಮ ಮಕ್ಕಳೇ ಅಲ್ಲದೆ ಇನ್ಯಾರು?

ಈಗ 'ಹುಚ್ಚರ ಓದು' ಎಂಬ ಮಾತಿಗೆ ಬರೋಣ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ 10.6% ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಕಂಡಿತು. ಹತ್ತು ಜನರಲ್ಲಿ ಒಬ್ಬರು. ಚಿಕಿತ್ಸೆ ಸಿಗದವರ ಪ್ರಮಾಣ ಬೇರೆ ಬೇರೆ ಕಾಯಿಲೆಗಳಲ್ಲಿ 70%ರಿಂದ 92%. ನಮ್ಮ ಜಮಾಅತ್‌ನ ಮನೆಗಳಲ್ಲಿ ಈ ಲೆಕ್ಕ ಬೇರೆ ಇರಲು ಕಾರಣವಿಲ್ಲ. ಹೆರಿಗೆಯ ನಂತರ ಮಾತು ಬಿಟ್ಟ ಸೊಸೆ, ಗಲ್ಫ್‌ನಿಂದ ಕೆಲಸ ಕಳೆದುಕೊಂಡು ಬಂದು ಕೋಣೆಯಿಂದ ಹೊರಬರದ ಮಗ, ಫಲಿತಾಂಶದ ದಿನ ಮನೆ ಬಿಟ್ಟುಹೋದ ಹುಡುಗ: ಹೆಸರು ಹೇಳದಿದ್ದರೂ ಓದುವವರಿಗೆ ಒಂದೊಂದು ಮುಖ ನೆನಪಾಗಿರುತ್ತದೆ. ದುವಾ ಮಾಡುತ್ತೇವೆ, ಮಾಡಬೇಕು. ಜ್ವರ ಬಂದಾಗ ದುವಾ ಮಾಡಿ ಡಾಕ್ಟರ ಬಳಿಗೂ ಹೋಗುತ್ತೇವಲ್ಲ, ಹಾಗೆಯೇ ಇದೂ. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಚಿಕಿತ್ಸೆ ಕೊಡುವ ಮಾದರಿಯನ್ನು ನಿಮ್ಹಾನ್ಸ್ ರೂಪಿಸಿದ್ದೇ 1980ರ ದಶಕದಲ್ಲಿ, ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. 2022ರ ಅಕ್ಟೋಬರಿನಿಂದ 14416 ಎಂಬ ಟೆಲಿ ಮಾನಸ್ ಸಂಖ್ಯೆ ಇದೆ, ಕರೆಗೆ ಹಣವಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಅಲ್ಲಿ ಆ ಕಡೆಯಿಂದ ಮಾತಾಡಲು ತರಬೇತಾದ ಜನ ಬೇಕು. ತಾಯಂದಿರ ಜೊತೆ ಅವರ ಮನೆಮಾತಿನಲ್ಲೇ ಕೂತು ಮಾತಾಡಬಲ್ಲ ಹೆಣ್ಣುಮಕ್ಕಳು ಇನ್ನೂ ಹೆಚ್ಚು ಬೇಕು.

ಹೊಟ್ಟೆಪಾಡಿನ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇವೆ. ಬಿ.ಎ. ಒಂದರಿಂದಲೇ ಯಾರೂ ಮನಶ್ಶಾಸ್ತ್ರಜ್ಞರಾಗುವುದಿಲ್ಲ. ಎಂ.ಎ. ಅಥವಾ ಎಂ.ಎಸ್ಸಿ. ಬೇಕೇ ಬೇಕು. ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ಆರ್.ಸಿ.ಐ., ಮಾನ್ಯ ಮಾಡಿದ ಕೋರ್ಸ್ ಮುಗಿಸಿ ನೋಂದಣಿ ಆಗಬೇಕು. ಬಹುಕಾಲ ಅದು 2 ವರ್ಷದ ಎಂ.ಫಿಲ್. ಆಗಿತ್ತು. ಎಂ.ಫಿಲ್. ಪದವಿಯನ್ನೇ ಯು.ಜಿ.ಸಿ. ಕೈಬಿಡುತ್ತಿರುವುದರಿಂದ ಕೋರ್ಸುಗಳ ಹೆಸರು, ಅವಧಿ ಬದಲಾಗುತ್ತಿವೆ. ಹಾಗಾಗಿ ಜಾಹೀರಾತು ನೋಡಿ ಶುಲ್ಕ ಕಟ್ಟಬೇಡಿ, ಆರ್.ಸಿ.ಐ. ಪಟ್ಟಿಯಲ್ಲಿ ಆ ಸಂಸ್ಥೆಯ ಹೆಸರು ಆ ವರ್ಷಕ್ಕೆ ಇದೆಯೇ ಎಂದು ಮೊದಲು ನೋಡಿ. ಮೂರು ತಿಂಗಳಲ್ಲಿ ಕೌನ್ಸೆಲರ್ ಮಾಡುತ್ತೇವೆ ಎನ್ನುವವರಿಂದ ದೂರ ಇರಿ. ಇಷ್ಟು ಉದ್ದದ ದಾರಿ ಬೇಡ ಎನ್ನುವವರಿಗೆ ಶಾಲಾ ಆಪ್ತಸಮಾಲೋಚಕರ ಕೆಲಸ ಇದೆ. ಸಿ.ಬಿ.ಎಸ್.ಇ. ಶಾಲೆಗಳಲ್ಲಿ ಕೌನ್ಸೆಲರ್ ಇರಬೇಕೆಂದು ನಿಯಮವೇ ಇದೆ. ಕಂಪನಿಗಳ ಎಚ್.ಆರ್. ವಿಭಾಗ, ಸ್ವಯಂಸೇವಾ ಸಂಸ್ಥೆಗಳು, ಬಿ.ಎಡ್. ಮಾಡಿ ಶಿಕ್ಷಕ ವೃತ್ತಿ, ಎನ್.ಇ.ಟಿ. ಪಾಸಾಗಿ ಕಾಲೇಜು ಉಪನ್ಯಾಸಕ ಹುದ್ದೆ ಇವೂ ಇವೆ. ಎನ್.ಇ.ಟಿ.ಯಲ್ಲಿ ತತ್ವಶಾಸ್ತ್ರ, ಮನಃಶಾಸ್ತ್ರ ಎರಡೂ ಇವೆ.

ಸಿವಿಲ್ ಸರ್ವಿಸಸ್ ಕನಸು ಕಾಣುವವರಿಗೆ ಒಂದು ಮಾತು. 2013ರಿಂದ ಯು.ಪಿ.ಎಸ್.ಸಿ. ಮುಖ್ಯ ಪರೀಕ್ಷೆಯಲ್ಲಿ ನೀತಿ, ಪ್ರಾಮಾಣಿಕತೆ ಮತ್ತು ಮನೋಧರ್ಮದ ಬಗ್ಗೆ 250 ಅಂಕಗಳ ಕಡ್ಡಾಯ ಪತ್ರಿಕೆ ಇದೆ. ತತ್ವಶಾಸ್ತ್ರವೂ ಮನಃಶಾಸ್ತ್ರವೂ 500 ಅಂಕಗಳ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿವೆ. ಲಿಖಿತ ಪರೀಕ್ಷೆಯ ಒಟ್ಟು ಅಂಕ 1750. ಲೆಕ್ಕ ನೀವೇ ಹಾಕಿ. ಇದನ್ನು ಓದಿದವರೆಲ್ಲ ಕಲೆಕ್ಟರ್ ಆಗುತ್ತಾರೆ ಎಂದು ನಾವು ಹೇಳುತ್ತಿಲ್ಲ.

ಓದು ಸುಲಭವೆಂದು ಯಾರೂ ತಿಳಿಯಬಾರದು. ಗಣಿತದಿಂದ ತಪ್ಪಿಸಿಕೊಳ್ಳಲು ಕಲಾ ವಿಭಾಗಕ್ಕೆ ಬಂದವರಿಗೆ ಮನಃಶಾಸ್ತ್ರದಲ್ಲಿ ಸಂಖ್ಯಾಶಾಸ್ತ್ರ ಕಾದಿರುತ್ತದೆ: ಸರಾಸರಿ, ಮಾನಕ ವಿಚಲನೆ, ಸಹಸಂಬಂಧ. ಜೊತೆಗೆ ಪ್ರಯೋಗಾಲಯದ ರೆಕಾರ್ಡ್ ಬರೆಯಬೇಕು. ತತ್ವಶಾಸ್ತ್ರದಲ್ಲಿ ಗೈಡ್ ಓದಿ ಪಾಸಾಗಬಹುದು, ಆದರೆ ಏನೂ ಬರುವುದಿಲ್ಲ. ಒಂದು ಪುಟವನ್ನು ನಾಲ್ಕು ಸಲ ಓದುವ ತಾಳ್ಮೆ ಬೇಕು. ಒಳ್ಳೆಯ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುವುದರಿಂದ ಕನ್ನಡ, ಉರ್ದು ಮಾಧ್ಯಮದ ಮಕ್ಕಳಿಗೆ ಮೊದಲ ವರ್ಷ ಕಷ್ಟವಾಗುತ್ತದೆ. ಪಿ.ಯು.ಸಿ.ಯಲ್ಲೇ ಮನಃಶಾಸ್ತ್ರ ಅಥವಾ ತರ್ಕಶಾಸ್ತ್ರ ತೆಗೆದುಕೊಂಡವರಿಗೆ ಸ್ವಲ್ಪ ಅನುಕೂಲ, ತೆಗೆದುಕೊಳ್ಳದವರಿಗೂ ಬಾಗಿಲು ಮುಚ್ಚಿಲ್ಲ.

ಎಲ್ಲಿ ಓದಬೇಕು? ನಮ್ಮ ರಾಜ್ಯದಲ್ಲಿ 2024-25ರಿಂದ ಮತ್ತೆ 3 ವರ್ಷದ ಪದವಿ ಬಂದಿದೆ. ಮನಃಶಾಸ್ತ್ರ ಇರುವ ಕಾಲೇಜುಗಳು ನಗರಗಳಲ್ಲಿ ಸಾಕಷ್ಟಿವೆ, ತತ್ವಶಾಸ್ತ್ರ ಇರುವವು ಕಡಿಮೆ, ಎರಡೂ ಒಂದೇ ಕಡೆ ಸಿಗುವುದು ಇನ್ನೂ ಕಡಿಮೆ. ಸೇರುವ ಮೊದಲು ಆ ವರ್ಷದ ವಿಷಯ ಸಂಯೋಜನೆಯ ಪಟ್ಟಿ ಕೇಳಿ ಪಡೆಯಿರಿ. ಸ್ನಾತಕೋತ್ತರಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಎರಡು ವಿಭಾಗಗಳೂ ಇವೆ. ಮನೆಯಿಂದ ಹೊರಗೆ ಕಳಿಸಲಾಗದವರು, ಮದುವೆಯಾದ ಮೇಲೆ ಓದು ಮುಂದುವರಿಸುವವರು ಇಗ್ನೋ ಮೂಲಕ ಓದಬಹುದು. ಅಲ್ಲಿ ಮನಃಶಾಸ್ತ್ರದಲ್ಲಿ ಬಿ.ಎ., ಎಂ.ಎ. ಎರಡಕ್ಕೂ 2025ರವರೆಗೆ ಪ್ರವೇಶವಿತ್ತು, ತತ್ವಶಾಸ್ತ್ರದಲ್ಲಿ ಎಂ.ಎ. ಇದೆ. ಕ್ಲಿನಿಕಲ್ ಕೋರ್ಸಿಗೆ ಹೋಗುವ ಯೋಚನೆ ಇದ್ದರೆ ದೂರಶಿಕ್ಷಣದ ಪದವಿಯನ್ನು ಒಪ್ಪುತ್ತಾರೆಯೇ ಎಂದು ಆಯಾ ಸಂಸ್ಥೆಯಲ್ಲೇ ವಿಚಾರಿಸಿ.

ದಾನಿಗಳ ಗಮನಕ್ಕೆ ತರಬೇಕಾದದ್ದು ಇದು. ಸರ್ಕಾರದ 'ಅರಿವು' ಸಾಲ ಮುಖ್ಯವಾಗಿ ವೃತ್ತಿಪರ ಕೋರ್ಸುಗಳಿಗೆ ಇರುವಂಥದ್ದು. ಪಿಎಚ್.ಡಿ. ಮಾಡುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ 2022-23ರಿಂದ ನಿಂತಿದೆ. ಬಿ.ಎ. ಓದುವ ಬಡ ಮನೆಯ ಹುಡುಗಿಗೆ ಕಾಲೇಜು ಶುಲ್ಕಕ್ಕಿಂತ ಬಸ್ಸು, ಹಾಸ್ಟೆಲ್, ಪುಸ್ತಕದ ಖರ್ಚೇ ಹೆಚ್ಚು ಭಾರ. 5 ವರ್ಷ ಓದಬೇಕಾದ ದಾರಿಯಲ್ಲಿ 3ನೇ ವರ್ಷಕ್ಕೆ ಹಣ ನಿಂತರೆ ಕೈಯಲ್ಲಿ ಉಳಿಯುವುದು ಅರ್ಧ ವಿದ್ಯೆ. ಆದ್ದರಿಂದ ಈ ವಿಷಯಗಳಿಗೆ ಕೊಡುವ ನೆರವನ್ನು ಪದವಿಗೆ ಮಾತ್ರ ನಿಲ್ಲಿಸದೆ, ಅಂಕ ತೃಪ್ತಿಕರವಾಗಿದ್ದರೆ ಸ್ನಾತಕೋತ್ತರದವರೆಗೂ ಮುಂದುವರಿಸಲು ಸಮಿತಿ ಒಪ್ಪಿದೆ. ಇದಕ್ಕೆಂದೇ ನಿಯಮಿತವಾಗಿ ಕೊಡಬಯಸುವವರು ರಸೀದಿಯಲ್ಲಿ ಹಾಗೆಂದು ಬರೆಸಬಹುದು. ಝಕಾತ್ ಹಣವೋ ಸದಕಾ ಹಣವೋ ಎಂಬುದನ್ನೂ ತಿಳಿಸಿದರೆ ಲೆಕ್ಕ ಬೇರೆ ಬೇರೆಯಾಗಿ ಇಡುತ್ತೇವೆ.

ಮೊದಲು ಹೇಳಿದ ತಾಯಿ ಎರಡನೆಯ ಸಲ ಬಂದಾಗ ವಾದ ಮಾಡಲಿಲ್ಲ, ಒಂದೇ ಪ್ರಶ್ನೆ ಕೇಳಿದರು: "ಇವಳು ಓದಿ ಮುಗಿಸಿದ ಮೇಲೆ ನಮ್ಮ ಅಕ್ಕನಂಥವರ ಜೊತೆ ಮಾತಾಡಬಹುದಾ?" ಅಕ್ಕನಿಗೆ ಏನಾಗಿದೆ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಓದಿ, ತರಬೇತಿ ಮುಗಿಸಿ, ನೋಂದಣಿ ಆದ ಮೇಲೆ ಮಾತಾಡಬಹುದು, ಆದರೆ ಸ್ವಂತ ಮನೆಯವರಿಗೆ ತಾನೇ ಚಿಕಿತ್ಸೆ ಮಾಡಬಾರದು ಎಂಬುದು ಆ ವೃತ್ತಿಯ ನೀತಿ, ಅಕ್ಕನನ್ನು ಈಗಲೇ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದೆವು. ಮಗಳ ಅರ್ಜಿಗೆ ಸಹಿ ಹಾಕಿದರು.

ಈ ವಿಷಯಗಳಿಗೆ ಅರ್ಜಿ ಹಾಕುವವರು 'ಕೋರ್ಸ್' ಎಂಬ ಜಾಗದಲ್ಲಿ ಬರೀ ಬಿ.ಎ. ಎಂದು ಬರೆಯದೆ ಎಲ್ಲ ಐಚ್ಛಿಕ ವಿಷಯಗಳ ಹೆಸರನ್ನೂ ಬರೆಯಿರಿ. ಪಿ.ಯು.ಸಿ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಕಾಲೇಜಿನ ಪ್ರವೇಶ ರಸೀದಿ, ವಿಷಯ ಸಂಯೋಜನೆ ಕಾಣುವ ಕಾಲೇಜಿನ ಪತ್ರ ಇವುಗಳ ನಕಲು ಲಗತ್ತಿಸಿ. ಈ ವಿಷಯವನ್ನೇ ಏಕೆ ಆರಿಸಿದಿರಿ ಎಂದು ಒಂದು ಪುಟ ಬರೆಯಬೇಕು. ಕನ್ನಡ, ಉರ್ದು, ಇಂಗ್ಲಿಷ್ ಯಾವುದಾದರೂ ಸರಿ, ಆದರೆ ವಿದ್ಯಾರ್ಥಿಯದೇ ಕೈಬರಹವಿರಲಿ. ಹಾಸ್ಟೆಲ್ ಬೇಕಾದವರು ಅದನ್ನು ಅರ್ಜಿಯ ಹಿಂಬದಿಯಲ್ಲಿ ನಮೂದಿಸಿ.